ಪಕಾಸು ನೋಡದೆ ಕೊಟ್ಟ ಸಾಲ

ತೀರ್ಥಹಳ್ಳಿ ಕಡೆಯ ಒಂದು ಬ್ಯಾಂಕ್ ಶಾಖೆಯಲ್ಲಿ ನಾನು ಸಾಲದ ವಿಭಾಗ ನೋಡಿಕೊಳ್ಳುತ್ತೇನೆ. ಇರುವ ಮನೆಯನ್ನೇ ಅಡ ಇಟ್ಟು ರಿಪೇರಿಗೆ ಸಾಲ ಕೇಳುವವರು ವರ್ಷವಿಡೀ ಬರುತ್ತಾರೆ. ಏಪ್ರಿಲ್ ಬಂತೆಂದರೆ ಜಾಸ್ತಿ. ಮೊದಲ ಗುಡುಗು ಕೇಳಿದ ಮೇಲೇ ಎಲ್ಲರಿಗೂ ಮಾಡಿನ, ಅಂದರೆ ಛಾವಣಿಯ ನೆನಪಾಗುವುದು.

ಕೆಲಸಕ್ಕೆ ಸೇರಿದ ಎರಡನೇ ವರ್ಷ ನಿವೃತ್ತ ಮೇಷ್ಟ್ರೊಬ್ಬರು ಬಂದರು. ಅಜ್ಜ ಕಟ್ಟಿಸಿದ ಹೆಂಚಿನ ಮನೆ, ಮಣ್ಣಿನ ಗೋಡೆ. ಕಾಗದಪತ್ರ ಎಲ್ಲಾ ಚೊಕ್ಕ. ಊರಿನ ವಾಸದ ಮನೆಗಳಿರುವ ಗ್ರಾಮಠಾಣಾ ಜಾಗ, ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಅವರ ಹೆಸರಿಗೇ ಆಗಿತ್ತು. ಮಗ, ಸೊಸೆ ಬೆಂಗಳೂರಿಂದ ಬಂದಾಗ ಅನುಕೂಲವಾಗಲಿ ಅಂತ ರೂಮಿಗೆ ಹೊಂದಿಕೊಂಡ ಬಾತ್‌ರೂಮ್, ಅಡುಗೆಮನೆಗೆ ಗ್ರಾನೈಟ್ ಕಟ್ಟೆ, ನೆಲಕ್ಕೆ ಟೈಲ್ಸ್, ಬಣ್ಣ. ಪಟ್ಟಿಯ ಕೊನೆಯಲ್ಲಿ ಒಂದು ಸಾಲು: ಹೆಂಚು ಕೈಯಾಡಿಸುವುದು, 15,000 ರೂಪಾಯಿ. ಒಟ್ಟು 5 ಲಕ್ಷ.

ನಾನು ಸ್ಥಳ ತನಿಖೆಗೆ ಹೋದೆ. ಜಗಲಿಯಲ್ಲಿ ಕೂತು ಕಾಫಿ ಕುಡಿದೆ, ಉದ್ದ ಅಗಲ ಅಳೆದೆ, ಫೋಟೋ ತೆಗೆದೆ, ವಾಪಸ್ ಬಂದೆ. ಅಟ್ಟ ಹತ್ತಲಿಲ್ಲ. ಸಾಲ ಮಂಜೂರಾಯಿತು, ಎರಡು ಕಂತಿನಲ್ಲಿ ಹಣವೂ ಹೋಯಿತು. ಬಾತ್‌ರೂಮು, ಕಟ್ಟೆ, ಟೈಲ್ಸ್ ಎಲ್ಲಾ ಮುಗಿಯುವ ಹೊತ್ತಿಗೆ ಮೇ ಅರ್ಧ ಕಳೆದಿತ್ತು. ಆಮೇಲೆ ಹೆಂಚಿನ ಕೆಲಸದವರು ಮಾಡು ಹತ್ತಿದರು.

ಮೇಷ್ಟ್ರು ಫೋನ್ ಮಾಡಿದಾಗ ಅವರ ದನಿ ನಡುಗುತ್ತಿತ್ತು. "ಮಾರಾಯ್ರೆ, ಒಂದ್ಸಲ ಬಂದು ನೋಡಿ." ಹೋದೆ. ಅರ್ಧ ಮಾಡಿನ ಹೆಂಚು ಅಂಗಳದಲ್ಲಿತ್ತು. ಕೆಲಸದವನು ಒಂದು ಪಕಾಸನ್ನು, ಅಂದರೆ ಹೆಂಚಿನ ಭಾರ ಹೊರುವ ಇಳಿಜಾರಿನ ಮರವನ್ನು, ಹೆಬ್ಬೆರಳಿನಿಂದ ಒತ್ತಿ ತೋರಿಸಿದ. ಬೆರಳು ಒಳಗೇ ಹೋಯಿತು. ಹೊರಗೆ ಹಳೇ ಬಣ್ಣ ಹಾಗೇ ಇತ್ತು, ಒಳಗೆ ಬರೀ ಒರಲೆ (ಗೆದ್ದಲು) ಮಣ್ಣು. ಗೋಡೆಯ ಮೇಲೆ ಕೂರುವ ತುದಿಗಳಂತೂ ಒಂದೂ ಉಳಿದಿರಲಿಲ್ಲ. ಪಕಾಸು, ಅದರ ಮೇಲೆ ಹೆಂಚು ಕೂರುವ ರೀಪು ಪಟ್ಟಿ ಎಲ್ಲಾ ಬದಲಾಯಿಸಲು ಇನ್ನೂ 3 ಲಕ್ಷ ಬೇಕು ಅಂದ. ಸಾಲದ ಹಣ ಅಷ್ಟೊತ್ತಿಗೆ ನೆಲದ ಮೇಲೆ ಟೈಲ್ಸ್ ಆಗಿ ಹೊಳೆಯುತ್ತಿತ್ತು.

ಇರುವ ಸಾಲದ ಮೇಲೆ ಇನ್ನಷ್ಟು ಕೊಡುವ ಟಾಪ್-ಅಪ್ ಸಾಲಕ್ಕೆ ಅರ್ಜಿ ಹಾಕಿಸಿದೆ. ಅದಕ್ಕೂ ಹೊಸ ಅಂದಾಜುಪಟ್ಟಿ, ಹೊಸ ಮೌಲ್ಯಮಾಪನ, ಮೇಲಿನ ಕಚೇರಿಯ ಮಂಜೂರಾತಿ ಎಲ್ಲಾ ಬೇಕು. ಜೂನ್ ಮೊದಲ ವಾರ ಮಳೆ ಹಿಡಿಯಿತು. ಟಾರ್ಪಾಲ್ ಕಟ್ಟಿದ್ದರು, ಗಾಳಿಗೆ ನಿಲ್ಲಲಿಲ್ಲ. ನಾನು ಹೋದ ದಿನ ಮೇಷ್ಟ್ರ ಹೆಂಡತಿ ಹೊಸ ನೆಲದ ಮೇಲೆ ಸಾಲಾಗಿ ಪಾತ್ರೆ ಇಟ್ಟು, ತುಂಬಿದ್ದನ್ನು ಅಂಗಳಕ್ಕೆ ಚೆಲ್ಲಿ ಮತ್ತೆ ತಂದಿಡುತ್ತಿದ್ದರು. ಮಣ್ಣಿನ ಗೋಡೆಯ ಮೇಲಿನ ಎರಡು ವರಸೆ ನೆನೆದು ಜಾರಿತ್ತು. ಅವರು ನನ್ನನ್ನು ಬೈಯಲಿಲ್ಲ. "ಕಾಫಿ ಮಾಡ್ತೀನಿ, ಇರಿ" ಅಂದರು. ಕಡೆಗೆ ಆ ಅಮ್ಮನ ಬಳೆ ಅಡ ಇಟ್ಟು ಮಾಡು ಮುಚ್ಚಿದರು.

ನಮ್ಮಲ್ಲಿ ಮಾಡು ಒಂದು ಸರಿಯಿದ್ದರೆ ಉಳಿದದ್ದೆಲ್ಲಾ ಕಾಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ನೀರು ಗೋಡೆಯ ನೆತ್ತಿಗೆ ಇಳಿಯಿತು ಅಂದರೆ ಅಲ್ಲಿಗೆ ಗೋಡೆಯ ಕಥೆ ಮುಗಿಯಿತು.

ಈಗ ಸ್ಥಳ ತನಿಖೆಗೆ ಹೋಗುವಾಗ ನನ್ನ ಬ್ಯಾಗಿನಲ್ಲಿ ಒಂದು ಟಾರ್ಚು, ಒಂದು ಉದ್ದದ ಸ್ಕ್ರೂಡ್ರೈವರ್ ಇರುತ್ತದೆ. ಏಣಿ ತರಿಸಿ ಅಟ್ಟ ಹತ್ತುತ್ತೇನೆ. ಪಕಾಸು ಗೋಡೆ ಮುಟ್ಟುವ ಜಾಗ, ಎರಡು ಮಾಡು ಕೂಡುವ ಮೂಲೆ, ಹಳೇ ಸೋರಿಕೆಯ ಕಲೆ ಇರುವ ಕಡೆ ಚುಚ್ಚಿ ನೋಡುತ್ತೇನೆ. ಸೌದೆ ಒಲೆ ಇನ್ನೂ ಉರಿಯುವ ಮನೆಗಳಲ್ಲಿ ಅಡುಗೆಮನೆ ಮೇಲಿನ ಪಕಾಸು ಹೊಗೆ ಹಿಡಿದು ಕಪ್ಪಾಗಿ, ಕಬ್ಬಿಣದ ಹಾಗೆ ಗಟ್ಟಿಯಾಗಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಅದೇ ಮನೆಯ ನಡುಮನೆಯಲ್ಲಿ ಒರಲೆ ತಿಂದು ಮುಗಿಸಿರುತ್ತದೆ. ಮಾಡಿನ ಕೆಳಗೆ ಹಲಗೆಯ ಮುಚ್ಚಿಗೆ ಹೊಡೆದಿದ್ದರೆ ಒಂದು ಹಲಗೆ ಬಿಚ್ಚಿಸಿ ಅಂತ ಕೇಳುತ್ತೇನೆ. ಕೆಲವರಿಗೆ ಇಷ್ಟವಾಗುವುದಿಲ್ಲ. ಆದರೂ ಕೇಳುತ್ತೇನೆ.

ಅಂದಾಜುಪಟ್ಟಿಯನ್ನೂ ಮೇಲಿಂದ ಕೆಳಗೆ ಬರೆಸುತ್ತೇನೆ. ಮೊದಲು ಮಾಡು, ಆಮೇಲೆ ಗೋಡೆ, ವೈರಿಂಗು, ನೀರಿನ ಪೈಪು, ಕೊನೆಗೆ ನೆಲ ಮತ್ತು ಬಣ್ಣ. ಹಣದ ಕಂತೂ ಅದೇ ಕ್ರಮದಲ್ಲಿ. ಇನ್ನೊಂದು ಮಾತು. ಹಳೇ ಮನೆ ಬಿಚ್ಚಿದ ಮೇಲೆ ಏನಾದರೂ ಹೊಸದು ಕಾಣಿಸಿಯೇ ಕಾಣಿಸುತ್ತದೆ. ಅದಕ್ಕೇ ಅರ್ಜಿ ಹಾಕುವಾಗಲೇ ಸ್ವಲ್ಪ ಜಾಸ್ತಿ ಮಂಜೂರು ಮಾಡಿಸಿಕೊಳ್ಳಿ. ಮಂಜೂರಾದದ್ದಕ್ಕೆಲ್ಲಾ ಬಡ್ಡಿ ಬೀಳುವುದಿಲ್ಲ, ತೆಗೆದುಕೊಂಡ ಹಣಕ್ಕೆ ಮಾತ್ರ ಬೀಳುತ್ತದೆ. ಬೇಡವಾದರೆ ಉಳಿದದ್ದನ್ನು ಬಿಟ್ಟರಾಯಿತು. ಮೇಷ್ಟ್ರಿಗೆ ಈ ಒಂದು ಮಾತು ನಾನು ಹೇಳಿದ್ದರೆ ಆ ಬಳೆ ಕೈಯಲ್ಲೇ ಇರುತ್ತಿತ್ತು.

ಸಾಲದ ಹೆಸರನ್ನೂ ಗಮನಿಸಿ. ಮನೆ ರಿಪೇರಿ ಸಾಲಕ್ಕೆ ಸಾಮಾನ್ಯವಾಗಿ ಗೃಹಸಾಲದ ದರದ ಆಸುಪಾಸಿನ ಬಡ್ಡಿ. ಎಂಜಿನಿಯರ್ ಅಂದಾಜುಪಟ್ಟಿ, ಬಿಲ್ಲು ಕೇಳುತ್ತಾರೆ. ಏನಕ್ಕಾದರೂ ಖರ್ಚು ಮಾಡಬಹುದಾದ ಮಾರ್ಟ್‌ಗೇಜ್ ಸಾಲಕ್ಕೆ ಬಡ್ಡಿ ಅದಕ್ಕಿಂತ ಜಾಸ್ತಿ. ಬಿಲ್ಲು ಕೊಡುವುದು ತಲೆನೋವು ಅಂತ ಎರಡನೆಯದಕ್ಕೆ ಹೋಗಬೇಡಿ.

ಕಾಗದದ ವಿಷಯ ಮಲೆನಾಡಿನಲ್ಲಿ ದೊಡ್ಡದು. ತೋಟದ ಸರ್ವೆ ನಂಬರಿನಲ್ಲೇ ಮನೆ ಇದ್ದು ಕನ್ವರ್ಶನ್ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿಲ್ಲದಿದ್ದರೆ ರಿಪೇರಿ ಸಾಲ ಸಿಗುವುದು ಕಷ್ಟ. ಸಾಲದ ಕಂತು ನಿಂತಾಗ ಅಡ ಇಟ್ಟ ಆಸ್ತಿ ವಶಕ್ಕೆ ತೆಗೆದುಕೊಳ್ಳಲು ಬ್ಯಾಂಕು ಬಳಸುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ, ಅದಕ್ಕೇ ಹಿಂಜರಿಯುತ್ತಾರೆ. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮ ಮಾಡಿ ಕೊಟ್ಟ 94ಸಿ ಹಕ್ಕುಪತ್ರವಾದರೆ ಅದರಲ್ಲಿರುವ ಷರತ್ತುಗಳನ್ನು ಮೊದಲೇ ಓದಿಸಿ. ಅಜ್ಜನ ಹೆಸರಿನಲ್ಲೇ ಖಾತೆ ಉಳಿದಿದ್ದರೆ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಆಗಬೇಕು. ಹೆಣ್ಣುಮಕ್ಕಳ ಸಹಿಯೂ ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತದಲ್ಲಿ ಅವರಿಗೂ ಸಮಪಾಲು. "ಅವಳದ್ದು ಮದುವೆಯಾಗಿ ಇಪ್ಪತ್ತು ವರ್ಷ ಆಯ್ತಲ್ಲ ಸಾರ್" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ, ವಕೀಲರೂ ಒಪ್ಪುವುದಿಲ್ಲ. ಒಂದು ಮನೆಯಲ್ಲಿ ಮೂವರು ಅಕ್ಕತಂಗಿಯರು ಮೂರು ಊರಲ್ಲಿದ್ದರು. ಸಹಿ ಮುಗಿಯಲು ಏಳು ತಿಂಗಳು ಹಿಡಿಯಿತು.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿ ಮುಳುಗಡೆಯಿಂದ ಎದ್ದು ಬಂದ ಎಷ್ಟೋ ಕುಟುಂಬಗಳ ಕೈಯಲ್ಲಿ ಇವತ್ತಿಗೂ ಸರಿಯಾದ ಹಕ್ಕುಪತ್ರವಿಲ್ಲ. ಅಂಥವರು ಬಂದಾಗ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ನಾಡಿಗೆ ಕರೆಂಟು ಬರಲೆಂದು ಮನೆ ಬಿಟ್ಟವರು ಅವರು. ಸೋರುವ ಮಾಡು ಸರಿಮಾಡಿಸಲು ಈಗಿರುವ ಮನೆಯನ್ನು ಅಡ ಇಡಲೂ ಅವರಿಗೆ ಆಗುತ್ತಿಲ್ಲ.

ಹಾಗಾಗಿ ನನ್ನ ಲೆಕ್ಕ ಇಷ್ಟೇ. ಮಾಡಿನ ಕೆಲಸ ಮೇ ಒಳಗೆ ಮುಗಿಯಬೇಕು ಅಂದರೆ ಹಣ ಫೆಬ್ರವರಿಯಲ್ಲಿ ಕೈಗೆ ಬರಬೇಕು. ಅಂದರೆ ದೀಪಾವಳಿ ಹೊತ್ತಿಗೆ ಇಸಿ (ಋಣಭಾರ ಪತ್ರ), ಖಾತೆ, ಹಳೇ ಪತ್ರಗಳನ್ನು ಹಿಡಿದು ಬ್ಯಾಂಕಿಗೆ ಬರಬೇಕು. ಅಡಿಕೆ ಕೊಯ್ಲಿನ ಗಡಿಬಿಡಿ ಇರುತ್ತದೆ, ಗೊತ್ತು. ಆದರೂ ಒಂದು ದಿನ ಬಿಡುವು ಮಾಡಿಕೊಂಡು ಬನ್ನಿ.

ಕಂತಿನ ವಿಷಯದಲ್ಲಿ ಅಡಿಕೆಯವರಿಗೆ ಒಂದು ತೊಂದರೆ ಇದೆ. ದುಡ್ಡು ಬರುವುದು ಮಂಡಿಗೆ ಮಾಲು ಹೋದಾಗ, ಬ್ಯಾಂಕು ಕೇಳುವುದು ಪ್ರತಿ ತಿಂಗಳು. ಭಯಕ್ಕೆ ಇಪ್ಪತ್ತು ವರ್ಷದ ಅವಧಿ ಹಾಕಿಸಿಕೊಳ್ಳುತ್ತಾರೆ. 5 ಲಕ್ಷಕ್ಕೆ ಶೇ. 9ರ ದರ ಅಂತ ಇಟ್ಟುಕೊಳ್ಳಿ. ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 6,334 ರೂಪಾಯಿ, ಒಟ್ಟು ಕಟ್ಟುವುದು 7.6 ಲಕ್ಷ. ಇಪ್ಪತ್ತು ವರ್ಷವಾದರೆ ಕಂತು ಸುಮಾರು 4,499ಕ್ಕೆ ಇಳಿಯುತ್ತದೆ, ಒಟ್ಟು ಕಟ್ಟುವುದು 10.8 ಲಕ್ಷ. ತಿಂಗಳಿಗೆ ಎರಡು ಸಾವಿರದಷ್ಟು ಹಗುರವಾಗಲು 3.2 ಲಕ್ಷ ಜಾಸ್ತಿ! ಅಷ್ಟರಲ್ಲಿ ಮೇಷ್ಟ್ರ ಮಾಡು ಪೂರ್ತಿ ಆಗುತ್ತಿತ್ತು.

ಕಂತು ಚಿಕ್ಕದೇ ಬೇಕು ಅಂದರೆ ಬದಲುವ ಬಡ್ಡಿದರದ ಸಾಲ ತೆಗೆದುಕೊಳ್ಳಿ. ಸ್ವಂತ ಬಳಕೆಗೆ ವ್ಯಕ್ತಿಗಳು ತೆಗೆದುಕೊಂಡ ಅಂಥ ಸಾಲವನ್ನು ಮುಂಚೆ ಕಟ್ಟಿದರೆ ದಂಡ ಹಾಕುವಂತಿಲ್ಲ, ಇದು ರಿಸರ್ವ್ ಬ್ಯಾಂಕಿನ ನಿಯಮ. ಅಡಿಕೆ ಮಾರಿದ ತಿಂಗಳು ಒಂದಿಷ್ಟು ಅಸಲಿಗೆ ಕಟ್ಟಿ. ಕಂತು ಇಳಿಸಬೇಡಿ, ಅವಧಿ ಇಳಿಸಿ ಅಂತ ಬರೆದು ಕೊಡಿ. ಬೆಳೆಸಾಲವನ್ನು ಮನೆಗೆ ಹಾಕುವವರೂ ಇದ್ದಾರೆ. ದಯವಿಟ್ಟು ಬೇಡ. ಕೊಳೆರೋಗ ಬಂದ ವರ್ಷ ಔಷಧಿ ಹೊಡೆಸಲೂ ಕೈಯಲ್ಲಿ ಕಾಸಿರುವುದಿಲ್ಲ.

ಸಂಬಳದವರು, ಪಿಂಚಣಿಯವರು ತೆರಿಗೆ ಉಳಿಯುತ್ತದೆ ಅಂತ ಕೇಳುತ್ತಾರೆ. ಹಳೇ ತೆರಿಗೆ ಪದ್ಧತಿಯಲ್ಲಿ, ವಾಸದ ಮನೆಯ ರಿಪೇರಿ ಸಾಲದ ಬಡ್ಡಿಗೆ ವರ್ಷಕ್ಕೆ 30,000 ರೂಪಾಯಿವರೆಗೆ ಮಾತ್ರ ವಿನಾಯಿತಿ. 2 ಲಕ್ಷದ ಮಿತಿ ಇರುವುದು ಮನೆ ಕಟ್ಟಿಸಲು, ಕೊಳ್ಳಲು. ಹೊಸ ಪದ್ಧತಿಯಲ್ಲಿ ವಾಸದ ಮನೆಗೆ ಅದೂ ಇಲ್ಲ.

ಮೇಷ್ಟ್ರು ಹೋದ ವರ್ಷ ಸಾಲ ಪೂರ್ತಿ ತೀರಿಸಿದರು. 2023ರ ಡಿಸೆಂಬರ್ 1ರಿಂದ ಇರುವ ನಿಯಮದ ಪ್ರಕಾರ, ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ಪತ್ರಗಳನ್ನು ವಾಪಸ್ ಕೊಡಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ನಾನು ಹನ್ನೆರಡನೇ ದಿನಕ್ಕೆ ಕರೆಸಿದೆ. ಪತ್ರ ಇಟ್ಟ ದಿನ ನಾವು ಕೊಟ್ಟಿದ್ದ ಪಟ್ಟಿಯನ್ನು ಅವರು ಜೋಪಾನವಾಗಿ ಇಟ್ಟುಕೊಂಡಿದ್ದರು. ನನ್ನ ಮೇಜಿನ ಮೇಲೆ ಅದನ್ನು ಬಿಡಿಸಿ, ಕನ್ನಡಕ ಹಾಕಿಕೊಂಡು, ಅಜ್ಜನ ಕಾಲದ ಪಾಲುಪಟ್ಟಿಯಿಂದ ಹಿಡಿದು ಒಂದೊಂದೇ ಹಾಳೆಯನ್ನು ತಾಳೆ ನೋಡಿ ಸಹಿ ಮಾಡಿದರು. ಅಮ್ಮ ಪಕ್ಕದಲ್ಲೇ ಕೂತಿದ್ದರು. ನನ್ನ ಕಣ್ಣು ಮೊದಲು ಹೋದದ್ದು ಅವರ ಕೈಗೆ. ಬಳೆ ಇತ್ತು.