ಮೂಟ್ ಕೋರ್ಟಿನಲ್ಲಿ ಕಾಣದ ಸಾಕ್ಷಿ

ಜಿಲ್ಲಾ ನ್ಯಾಯಾಲಯದಲ್ಲಿ ವಕೀಲಿ ಮಾಡಿಕೊಂಡಿರುವ ನನ್ನನ್ನು ವರ್ಷಕ್ಕೆ ಒಂದೆರಡು ಬಾರಿ ಕಾನೂನು ಕಾಲೇಜಿನವರು ಅಣಕು ನ್ಯಾಯಾಲಯ ಸ್ಪರ್ಧೆಯ ತೀರ್ಪುಗಾರನಾಗಿ ಕರೆಯುತ್ತಾರೆ. ಕಳೆದ ಸಲ ಹೋದಾಗ ಬೆಳಿಗ್ಗೆ ಮೂಟ್ (ಮೇಲಿನ ಕೋರ್ಟಿನ ವಾದದ ಅಣಕು), ಮಧ್ಯಾಹ್ನ ಮಾಕ್ ಟ್ರಯಲ್ (ಸಾಕ್ಷಿ ವಿಚಾರಣೆಯ ಅಣಕು) ಎರಡನ್ನೂ ಒಂದೇ ದಿನ ನೋಡುವ ಅವಕಾಶ ಒದಗಿತು. ಎರಡಕ್ಕೂ ನಾವು ‘ಅಣಕು’ ಎಂಬ ಒಂದೇ ಮಾತನ್ನು ಬಳಸುತ್ತೇವಾದರೂ ಅವು ಕಲಿಸುವ ವಿದ್ಯೆಗಳು ಬೇರೆ ಬೇರೆ ಎಂಬುದು ಅಂದು ಮತ್ತೆ ಮನದಟ್ಟಾಯಿತು. (ಮೂಟ್ ಎಂಬ ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಸಭೆ, ಕೂಟ ಎಂಬ ಅರ್ಥವಿತ್ತು, ಅದರಲ್ಲಿ ಅಣಕದ ಸುಳಿವಿಲ್ಲ. ‘ವಾದಕೂಟ’ ಎಂದು ಕರೆದಿದ್ದರೆ ಚೆನ್ನಾಗಿತ್ತೇನೋ.)

ಮೂಟ್‌ನಲ್ಲಿ ಸಂಗತಿಗಳು ಮೊದಲೇ ಇತ್ಯರ್ಥವಾಗಿರುತ್ತವೆ. ಸಾಮಾನ್ಯವಾಗಿ ಪ್ರಕರಣವು ಹೈಕೋರ್ಟಿನ ಅಥವಾ ಸುಪ್ರೀಂ ಕೋರ್ಟಿನ ಮುಂದಿರುವ ಮೇಲ್ಮನವಿಯೋ ರಿಟ್ ಅರ್ಜಿಯೋ ಆಗಿದ್ದು, ಮೂಟ್ ಪ್ರಾಪೊಸಿಷನ್‌ನಲ್ಲಿ, ಅಂದರೆ ಸ್ಪರ್ಧಿಗಳಿಗೆ ಕೊಡುವ ಸಮಸ್ಯೆಯಲ್ಲಿ, ಬರೆದದ್ದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಕಾನೂನಿನ ಅನ್ವಯದ ಬಗ್ಗೆ ಮಾತ್ರ ವಾದ ನಡೆಯುತ್ತದೆ. ಇಬ್ಬರು ವಾದಿಸುವವರೂ ಒಬ್ಬ ಸಂಶೋಧಕರೂ ಇರುವ ತಂಡ ಎರಡೂ ಪಕ್ಷಗಳ ಪರವಾಗಿ ಮೆಮೋರಿಯಲ್ (ಲಿಖಿತ ವಾದ) ಸಿದ್ಧಪಡಿಸಿರಬೇಕು, ಏಕೆಂದರೆ ಒಂದು ಸುತ್ತಿನಲ್ಲಿ ಅರ್ಜಿದಾರರ ಪರ ನಿಂತವರು ಮುಂದಿನ ಸುತ್ತಿನಲ್ಲಿ ಸರ್ಕಾರದ ಪರ ನಿಲ್ಲಬೇಕಾಗಬಹುದು. ತಾನು ಕಟ್ಟಿದ ವಾದವನ್ನು ತಾನೇ ಕೆಡವಿ ನೋಡುವ ಈ ಅಭ್ಯಾಸ ಬಹುಮಾನಕ್ಕಿಂತ ದೊಡ್ಡದು. ಬಾಯಿಪಾಠ ಮಾಡಿಕೊಂಡು ಬಂದವರು ಪೀಠದಿಂದ ಮೊದಲ ಪ್ರಶ್ನೆ ಬಂದೊಡನೆ ಎಡವುತ್ತಾರೆ. ‘ಆ ವಿಷಯಕ್ಕೆ ಆಮೇಲೆ ಬರುತ್ತೇನೆ’ ಎಂದವರು ಮರಳಿ ಬಾರದೆ ವಾದ ಮುಗಿಸಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ನಾನಂತೂ ಉಲ್ಲೇಖಿಸಿದ ತೀರ್ಪಿನ ಸಂಗತಿಗಳೇನು ಎಂದು ಕೇಳಿಯೇ ಕೇಳುತ್ತೇನೆ; ತೀರ್ಪಿನ ತಲೆಯಲ್ಲಿ ಅಚ್ಚಾಗುವ ಸಾರಾಂಶವಾದ ಹೆಡ್‌ನೋಟ್ ಮಾತ್ರ ಓದಿದವರು ಯಾರೆಂಬುದು ಆಗ ತಿಳಿಯುತ್ತದೆ.

ಈ ವಿದ್ಯೆಯಲ್ಲಿ ಕರ್ನಾಟಕಕ್ಕೆ ಒಳ್ಳೆಯ ಹೆಸರಿದೆ. 1960ರಲ್ಲಿ ಹಾರ್ವರ್ಡ್‌ನಲ್ಲಿ ಆರಂಭವಾದ, ಅಂತರರಾಷ್ಟ್ರೀಯ ಕಾನೂನಿಗೆ ಮೀಸಲಾದ ಜೆಸಪ್ ಸ್ಪರ್ಧೆಯನ್ನು ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ 1999ರಲ್ಲಿಯೂ 2013ರಲ್ಲಿಯೂ ಗೆದ್ದಿತು. ಪಠ್ಯಕ್ರಮವೂ ಮೂಟ್ ಕಡೆಗೇ ವಾಲಿದೆ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ವಿದ್ಯಾರ್ಥಿಯು ವರ್ಷದಲ್ಲಿ ಕನಿಷ್ಠ ಮೂರು ಮೂಟ್‌ಗಳಲ್ಲಿ ವಾದಿಸಬೇಕು. ಒಂದೊಂದಕ್ಕೆ 10 ಅಂಕ, ಅದರಲ್ಲಿ ಬರಹಕ್ಕೆ 5, ಮಾತಿಗೆ 5. ವಿಚಾರಣಾ ನ್ಯಾಯಾಲಯದ ವಿಷಯದಲ್ಲಾದರೋ ಒಂದು ಸಿವಿಲ್, ಒಂದು ಕ್ರಿಮಿನಲ್ ಪ್ರಕರಣವನ್ನು ಕುಳಿತು ನೋಡಿ ದಾಖಲೆ ಬರೆದರೆ 30 ಅಂಕ. ಹೈಕೋರ್ಟಿನಲ್ಲಿ ವಾದಿಸುವಂತೆ ಅಭ್ಯಾಸ ಮಾಡಿದ ವಿದ್ಯಾರ್ಥಿಯು ತಾಲ್ಲೂಕು ನ್ಯಾಯಾಲಯದಲ್ಲಿ ಸಾಕ್ಷಿಯನ್ನು ಪ್ರಶ್ನಿಸುವುದನ್ನು ಕೇವಲ ನೋಡಿರುತ್ತಾನೆ; ಸನ್ನದು ಪಡೆದ ಮೇಲೆ ಹೆಚ್ಚಿನವರ ಮೊದಲ ಕೆಲಸ ಅಲ್ಲಿಯೇ ಎಂಬುದು ವಿಚಿತ್ರ.

ಮಾಕ್ ಟ್ರಯಲ್‌ನಲ್ಲಿ ಸಂಗತಿಯೇ ವಿವಾದ. ಸಾಕ್ಷಿಯಾಗಿ ನಟಿಸುವ ಸಹಪಾಠಿಯಿಂದ ಮುಖ್ಯ ವಿಚಾರಣೆಯಲ್ಲಿ, ಅಂದರೆ ಅವನನ್ನು ಕರೆಸಿದ ಪಕ್ಷವೇ ಪ್ರಶ್ನಿಸುವಾಗ, ಸೂಚಕ ಪ್ರಶ್ನೆ (ಉತ್ತರವನ್ನು ತಾನೇ ಸೂಚಿಸುವ ಪ್ರಶ್ನೆ) ಕೇಳದೆ ಕಥೆಯನ್ನು ಹೊರಡಿಸಬೇಕು. ಎದುರು ಪಕ್ಷದವರು ಪಾಟಿ ಸವಾಲಿನಲ್ಲಿ ಸೂಚಕ ಪ್ರಶ್ನೆಗಳಿಂದಲೇ ಅದನ್ನು ಅಲುಗಿಸಬೇಕು. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ ಬದಲು ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದ್ದರೂ ಈ ಮೂಲನಿಯಮ ಬದಲಾಗಿಲ್ಲ. ಬದಲಾದದ್ದು ಜಪ್ತಿಯ ವಿಧಾನ: ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನಂತೆ ಶೋಧನೆಯನ್ನೂ ಜಪ್ತಿಯನ್ನೂ ವಿಡಿಯೋದಲ್ಲಿ ಸೆರೆಹಿಡಿಯಬೇಕು. ಅಂದಿನ ಸ್ಪರ್ಧೆಯ ಸಮಸ್ಯೆಯನ್ನು ಬರೆದವರು ಇದನ್ನು ಮರೆತು ಪಂಚರ ಸಹಿಯುಳ್ಳ ಹಳೆಯ ಬಗೆಯ ಜಪ್ತಿ ಮಹಜರನ್ನೇ ನೆಚ್ಚಿಕೊಂಡಿದ್ದರು.

ಬೆಳಿಗ್ಗೆಯ ಮೂಟ್ ಇಂಗ್ಲಿಷಿನಲ್ಲಿ ನಡೆದಿತ್ತು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಒಬ್ಬ ವಿದ್ಯಾರ್ಥಿನಿ ಅಲ್ಲಿ ಪ್ರತಿ ವಾಕ್ಯಕ್ಕೂ ತಡವರಿಸಿ, ಅಂಕಪಟ್ಟಿಯ ಕೊನೆಯಲ್ಲಿ ಉಳಿದಿದ್ದಳು. ಆ ಅಂಕ ಕೊಟ್ಟವರಲ್ಲಿ ನಾನೂ ಒಬ್ಬ. ಮಧ್ಯಾಹ್ನ ಅದೇ ಹುಡುಗಿ ಆರೋಪಿಯ ಪರ ವಕೀಲೆಯಾಗಿ ನಿಂತಳು. ನಮ್ಮ ವಿಚಾರಣಾ ನ್ಯಾಯಾಲಯಗಳಂತೆ ಇಲ್ಲಿ ವ್ಯವಹಾರ ಕನ್ನಡದಲ್ಲಿತ್ತು. ಅವಳಿಗಿಂತ ಮೊದಲು ಪಾಟಿ ಸವಾಲು ಮಾಡಿದವರೆಲ್ಲ ಸಾಕ್ಷಿಗೆ ‘ನೀವು ಸುಳ್ಳು ಹೇಳುತ್ತಿದ್ದೀರಿ’ ಎನ್ನುವುದು, ಅವನು ‘ಎಂದರೆ ಸರಿಯಲ್ಲ’ ಎನ್ನುವುದು, ಇದೇ ನಡೆದಿತ್ತು. ನಮ್ಮ ನ್ಯಾಯಾಲಯಗಳ ಕಡತಗಳಲ್ಲಿಯೂ ಈ ‘ಎಂದರೆ ಸರಿಯಲ್ಲ’ ಪುಟಗಟ್ಟಲೆ ತುಂಬಿರುತ್ತದೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಅವಳು ಪಂಚನಾಗಿ (ಜಪ್ತಿಯನ್ನು ಕಂಡ ಸಾಕ್ಷಿಯಾಗಿ) ನಟಿಸುತ್ತಿದ್ದ ಹುಡುಗನನ್ನು ಜಪ್ತಿ ನಡೆದ ಹೊಲ ಎಷ್ಟು ದೂರವೆಂದು, ಅಲ್ಲಿ ಎಷ್ಟು ಜನರಿದ್ದರೆಂದು ಮೆಲ್ಲಗೆ ಕೇಳುತ್ತ ಹೋದಳು. ಬಳಿಕ, ‘ನೀವು ಸಹಿ ಹಾಕುವಾಗ ಕಾಗದವನ್ನು ಯಾವುದರ ಮೇಲೆ ಇಟ್ಟುಕೊಂಡಿದ್ದಿರಿ?’ ಎಂದಳು.

‘ಸ್ಟೇಷನ್ನಿನ ಮೇಜಿನ ಮೇಲೆ’ ಎಂದನವನು.

ಮಹಜರಿನಲ್ಲಿ ಹೊಲದಲ್ಲಿಯೇ ಬರೆದು ಸಹಿ ಪಡೆದದ್ದೆಂದು ಇತ್ತು. ಬೇರೆ ಯಾರಾದರೂ ಆಗಿದ್ದರೆ ‘ಹಾಗಾದರೆ ಮಹಜರು ಸುಳ್ಳಲ್ಲವೇ?’ ಎಂದು ಕೇಳಿ, ಅವನಿಗೆ ತಿದ್ದಿಕೊಳ್ಳಲು ದಾರಿ ಮಾಡಿಕೊಡುತ್ತಿದ್ದರು. ಅವಳು ‘ಬೇರೆ ಪ್ರಶ್ನೆಗಳಿಲ್ಲ’ ಎಂದು ಹೇಳಿ ಕುಳಿತುಕೊಂಡಳು.