ಸೈಕಲ್ ಕೊಟ್ಟಿದ್ದರಿಂದಲೇ ಹುಡುಗಿಯರು ಶಾಲೆಗೆ ಬಂದರಾ? ಬರ್ಕ್ಲಿಯಿಂದ ಒಂದು ಪತ್ರ

"ಅದೂ ಐಎಎಸ್ ತರಾನೇನಮ್ಮಾ?" ಊರಿನಿಂದ ಫೋನ್ ಮಾಡುವ ಚಿಕ್ಕಪ್ಪ, ಸೋದರತ್ತೆ, ನನ್ನ ಜೊತೆ ಕೆಲಸ ಮಾಡಿದವರು ಎಲ್ಲರೂ ಕೇಳುವುದು ಇದನ್ನೇ. ಅಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್‌ನಲ್ಲಿ ನಾನು ಓದುತ್ತಿರುವುದು ಎಂಪಿಪಿ, ಅಂದರೆ ಮಾಸ್ಟರ್ ಆಫ್ ಪಬ್ಲಿಕ್ ಪಾಲಿಸಿ. ಎರಡು ವರ್ಷದ ಓದು. ಮುಗಿಸಿದರೆ ಯಾವ ಹುದ್ದೆಯೂ ತಾನಾಗಿ ಬರುವುದಿಲ್ಲ. ಸರ್ಕಾರ ಒಂದು ಯೋಜನೆ ತಂದರೆ ಅದರಿಂದ ನಿಜಕ್ಕೂ ಏನಾಯಿತು, ಯಾರ ದುಡ್ಡಿನಲ್ಲಿ ಆಯಿತು, ಬೇರೆ ದಾರಿ ಇತ್ತಾ ಎಂದು ಲೆಕ್ಕ ಹಾಕಿ ಹೇಳುವುದನ್ನು ಇಲ್ಲಿ ಕಲಿಸುತ್ತಾರೆ. ದಾವಣಗೆರೆ ಕಡೆ ಗ್ರಾಮ ಪಂಚಾಯಿತಿಗಳ ಜೊತೆ ಕೆಲಸ ಮಾಡಿದ ನನಗೆ ಈ ವಿದ್ಯೆ ಬೇಕೇ ಬೇಕಿತ್ತು.

ನಾನು ಓದುತ್ತಿರುವ ವಿಭಾಗದ ಹೆಸರು ಗೋಲ್ಡ್‌ಮನ್ ಸ್ಕೂಲ್, ಅದು ಶುರುವಾಗಿದ್ದು 1969ರಲ್ಲಿ. ಇಲ್ಲಿ ಬಹಳ ವರ್ಷ ಪಾಠ ಮಾಡಿದ ಯೂಜೀನ್ ಬಾರ್ಡಾಕ್ ಎಂಬ ಪ್ರೊಫೆಸರ್ ಇಂಥ ವಿಶ್ಲೇಷಣೆಗೆ ಎಂಟು ಹೆಜ್ಜೆಗಳ ಒಂದು ವಿಧಾನ ಮಾಡಿಟ್ಟಿದ್ದಾರೆ. ಮೊದಲ ಹೆಜ್ಜೆಯೇ ನನಗೆ ತುಂಬಾ ಹಿಡಿಸಿತು. ಸಮಸ್ಯೆ ಏನು ಎಂದು ಬರೆಯುವಾಗ ಅದರೊಳಗೆ ಪರಿಹಾರವನ್ನು ಸೇರಿಸಬಾರದು. "ನಮ್ಮೂರಲ್ಲಿ ಹೈಸ್ಕೂಲ್ ಇಲ್ಲ" ಎಂದು ಬರೆದರೆ ಕಟ್ಟಡ ಕಟ್ಟುವುದೊಂದೇ ಉತ್ತರವಾಗುತ್ತದೆ. "ಏಳನೇ ಕ್ಲಾಸ್ ಮುಗಿಸಿದ ಹುಡುಗಿಯರು ಮುಂದೆ ಓದುತ್ತಿಲ್ಲ" ಎಂದು ಬರೆದು ನೋಡಿ. ಬಸ್ಸು, ಸೈಕಲ್ಲು, ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು, ಶಾಲೆಯಲ್ಲಿ ಶೌಚಾಲಯ, ಇಷ್ಟೂ ದಾರಿಗಳು ಕಣ್ಣಿಗೆ ಬೀಳುತ್ತವೆ. ನಮ್ಮ ಗ್ರಾಮಸಭೆಗಳಿಗೆ ಬರುವ ಅರ್ಜಿಗಳು ನೆನಪಾದವು. ಬೋರ್‌ವೆಲ್ ಬೇಕು, ಸಮುದಾಯ ಭವನ ಬೇಕು, ಚರಂಡಿ ಬೇಕು. ಕೇಳುವವರ ತಪ್ಪಲ್ಲ ಅದು. ಅರ್ಜಿಯನ್ನು ಹಾಗೆ ಬರೆದರೆ ಮಾತ್ರ ಕಚೇರಿಯಲ್ಲಿ ತೆಗೆದುಕೊಳ್ಳುತ್ತಾರೆ ಎಂದು ಜನ ಕಲಿತಿದ್ದಾರೆ.

ಸೈಕಲ್ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಈ ಇಡೀ ಓದಿನ ಸಾರ ಅದರಲ್ಲಿದೆ. 2006ರಲ್ಲಿ ಬಿಹಾರ ಸರ್ಕಾರ ಒಂಬತ್ತನೇ ಕ್ಲಾಸಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಡಲು ಶುರು ಮಾಡಿತು. ಆಮೇಲೆ ಹೈಸ್ಕೂಲಿಗೆ ಬರುವ ಹುಡುಗಿಯರ ಸಂಖ್ಯೆ ಏರಿತು. ಅಷ್ಟಕ್ಕೇ "ಸೈಕಲ್ ಗೆದ್ದಿತು" ಎನ್ನಬಹುದಾ? ಆಗಲ್ಲ. ಅದೇ ಹೊತ್ತಿಗೆ ರಸ್ತೆಗಳು ಸುಧಾರಿಸುತ್ತಿದ್ದವು, ಜನರ ಕೈಯಲ್ಲಿ ದುಡ್ಡು ಓಡಾಡುತ್ತಿತ್ತು, ಹೊಸ ಶಿಕ್ಷಕರು ಬರುತ್ತಿದ್ದರು. ಸೈಕಲ್ ಇಲ್ಲದಿದ್ದರೂ ಹುಡುಗಿಯರು ಬರುತ್ತಿದ್ದರೇನೋ.

ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಈ ಗಂಟನ್ನು ಬಿಡಿಸಿದ ರೀತಿ ನೋಡಿ. ಹುಡುಗರಿಗೆ ಆಗ ಸೈಕಲ್ ಇರಲಿಲ್ಲ. ಆದರೆ ರಸ್ತೆ, ಶಿಕ್ಷಕರು ಇಬ್ಬರಿಗೂ ಒಂದೇ. ಹಾಗಾಗಿ ಬಿಹಾರದ ಹುಡುಗಿಯರನ್ನು ಅಲ್ಲಿನ ಹುಡುಗರ ಜೊತೆ ಹೋಲಿಸಿದರು. ಹುಡುಗಿಯರು ಹೇಗೂ ಎಲ್ಲ ಕಡೆ ಮುಂದೆ ಬರುತ್ತಿದ್ದರಲ್ವಾ ಎಂಬ ಅನುಮಾನ ಉಳಿಯಿತು. ಅದಕ್ಕೆ ಪಕ್ಕದ ಜಾರ್ಖಂಡ್‌ನಲ್ಲೂ ಹುಡುಗ ಹುಡುಗಿಯರನ್ನು ಹಾಗೇ ಹೋಲಿಸಿ, ಎರಡು ರಾಜ್ಯಗಳ ವ್ಯತ್ಯಾಸ ನೋಡಿದರು. 2000ದವರೆಗೂ ಅದು ಬಿಹಾರದ್ದೇ ಭಾಗ, ಆದರೆ ಈ ಯೋಜನೆ ಅಲ್ಲಿ ಇರಲಿಲ್ಲ. ಇಷ್ಟೆಲ್ಲ ಕಳೆದ ಮೇಲೂ, ಸರಿಯಾದ ವಯಸ್ಸಿಗೆ ಹೈಸ್ಕೂಲ್ ಸೇರಿದ ಹುಡುಗಿಯರ ಪ್ರಮಾಣ ಶೇ. 32ರಷ್ಟು ಹೆಚ್ಚಿತ್ತು. ಹುಡುಗ ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ಕಡಿಮೆಯಾಗಿತ್ತು. ಹೈಸ್ಕೂಲ್ ಮೂರು ಕಿಲೋಮೀಟರ್ ಅಥವಾ ಅದಕ್ಕಿಂತ ದೂರ ಇದ್ದ ಊರುಗಳಲ್ಲೇ ಪರಿಣಾಮ ಜಾಸ್ತಿ. ಸೈಕಲ್ಲೇ ಕಾರಣವಾಗಿದ್ದರೆ ಹಾಗೇ ಇರಬೇಕು ತಾನೇ? ಈ ಕೊನೆಯ ಸಾಲು ಓದಿದಾಗ ನನಗೆ ಮೈ ಜುಮ್ಮೆಂದಿತು. ಅಂಕಿಅಂಶದ ಕ್ಲಾಸಿನಲ್ಲಿ ಮನಸ್ಸು ತುಂಬಿ ಬರಬಹುದು ಎಂದು ಯಾರೂ ನನಗೆ ಹೇಳಿರಲಿಲ್ಲ.

ನಮ್ಮ ಕರ್ನಾಟಕದಲ್ಲೂ 2006-07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಟ್ಟರು. ಹುಡುಗರಿಗೂ ಕೊಟ್ಟರು, ಅದು ಒಳ್ಳೆಯದೇ. ಆದರೆ ಹೋಲಿಸಿ ನೋಡಲು ಬಿಹಾರದಲ್ಲಿ ಸಿಕ್ಕಂಥ ಗುಂಪು ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ. ಶಕ್ತಿ ಯೋಜನೆಯೂ ಹಾಗೇ. 2023ರ ಜೂನ್ 11ರಂದು ಇಡೀ ರಾಜ್ಯದಲ್ಲಿ ಒಂದೇ ದಿನ ಶುರುವಾಯಿತು. ಕಂಡಕ್ಟರ್ ಕೊಡುವ ಒಂದೊಂದು ಶೂನ್ಯ ಟಿಕೆಟ್ಟೂ ಲೆಕ್ಕಕ್ಕೆ ಸಿಗುತ್ತದೆ, ಎಷ್ಟು ಓಡಾಟ ಆಯಿತು ಎಂದು ಗೊತ್ತಾಗುತ್ತದೆ. ಇದರಿಂದ ಎಷ್ಟು ಹೆಂಗಸರು ಹೊಸದಾಗಿ ಕೆಲಸಕ್ಕೆ ಹೊರಟರು, ಎಷ್ಟು ಜನ ದೂರದ ಆಸ್ಪತ್ರೆಗೆ ಹೋಗುವ ಧೈರ್ಯ ಮಾಡಿದರು ಎಂಬುದನ್ನು ಟಿಕೆಟ್ ಹೇಳುವುದಿಲ್ಲ. ಹೊಸ ಯೋಜನೆಗಳನ್ನು ಕೆಲವು ತಾಲ್ಲೂಕುಗಳಲ್ಲಿ ಮೊದಲು, ಉಳಿದ ಕಡೆ ಆರು ತಿಂಗಳು ಬಿಟ್ಟು ತಂದರೆ ಇಂಥ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಕಾಯುವ ತಾಲ್ಲೂಕಿನ ಶಾಸಕರನ್ನು ಒಪ್ಪಿಸುವುದು ಕಷ್ಟ, ಗೊತ್ತು. ಆದರೂ ನಾನು ಇದನ್ನು ಬಲವಾಗಿ ನಂಬುತ್ತೇನೆ.

ಇಲ್ಲಿ ಬೀದಿಯಲ್ಲೇ ಪಾಠ ಸಿಗುವ ಇನ್ನೊಂದು ವಿಷಯ ಮನೆ. ಬರ್ಕ್ಲಿಯಲ್ಲಿ ಬಾಡಿಗೆ ವಿಪರೀತ. ಇದಕ್ಕೆ ಕಾರಣಗಳು ಹಳೆಯವು. ಒಂದು ಜಾಗದಲ್ಲಿ ಒಂದೇ ಕುಟುಂಬದ ಮನೆ ಕಟ್ಟಬೇಕು ಎಂಬ ನಿಯಮವನ್ನು ಈ ಊರು 1916ರಲ್ಲೇ ಎಲ್ಮ್‌ವುಡ್ ಬಡಾವಣೆಯಲ್ಲಿ ತಂದಿತು. ಅಮೆರಿಕದಲ್ಲಿ ಇಂಥ ನಿಯಮ ತಂದ ಮೊದಲ ಊರುಗಳಲ್ಲಿ ಇದೂ ಒಂದು. ಕಪ್ಪು ಜನರನ್ನೂ ಏಷ್ಯಾದವರನ್ನೂ ದೂರ ಇಡಲು ಇಂಥ ನಿಯಮ ಬಳಕೆಯಾಯಿತು. 2021ರಲ್ಲಿ ನಗರಸಭೆಯೇ ಆ ಇತಿಹಾಸವನ್ನು ಒಪ್ಪಿಕೊಂಡು, ನಿಯಮ ಬದಲಿಸುವ ನಿರ್ಣಯ ಮಾಡಿತು. ಇನ್ನೊಂದು ಕಾರಣ, 1978ರಲ್ಲಿ ಕ್ಯಾಲಿಫೋರ್ನಿಯಾದ ಜನ ಮತ ಹಾಕಿ ಗೆಲ್ಲಿಸಿದ ಪ್ರೊಪೊಸಿಷನ್ 13. ಅದರ ಪ್ರಕಾರ ಆಸ್ತಿ ತೆರಿಗೆಯ ಮೂಲ ದರ ಶೇ. 1 ಮೀರುವಂತಿಲ್ಲ. ಮನೆ ಮಾರಾಟ ಆಗುವವರೆಗೆ ತೆರಿಗೆಗೆ ಲೆಕ್ಕ ಹಿಡಿಯುವ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಮನೆ ಬೆಲೆ ಏರಿ, ತೆರಿಗೆ ಕಟ್ಟಲಾಗದೆ ವಯಸ್ಸಾದವರು ಮನೆ ಬಿಡಬೇಕಾಗುತ್ತದೆ ಎಂಬ ಭಯ ಅದರ ಹಿಂದೆ ಇತ್ತು. ಆ ಭಯ ಸುಳ್ಳಲ್ಲ. ಆದರೆ ಇವತ್ತು ಅಕ್ಕಪಕ್ಕದ ಎರಡು ಮನೆ ಒಂದೇ ಥರ ಇದ್ದರೂ, ಮೊನ್ನೆ ಕೊಂಡವರು ಹಳಬರಿಗಿಂತ ಎಷ್ಟೋ ಪಟ್ಟು ತೆರಿಗೆ ಕಟ್ಟುತ್ತಾರೆ. ಹಾಗಾಗಿ ಹಳಬರಿಗೆ ಮನೆ ಮಾರಲು ಮನಸ್ಸು ಬರುವುದಿಲ್ಲ, ಹೊಸಬರಿಗೆ ಮನೆ ಸಿಗುವುದು ಕಷ್ಟವಾಗುತ್ತದೆ. ಮತ ಹಾಕುವವರು ಈಗಾಗಲೇ ಇಲ್ಲಿ ಇರುವವರು. ನಾಳೆ ಬರುವವರಿಗೆ ಇವತ್ತು ಮತವಿಲ್ಲ. ಯಾವ ಯೋಜನೆ ಓದುವಾಗಲೂ ಈಗ ನಾನು ಮೊದಲು ಹುಡುಕುವುದು, ತೀರ್ಮಾನ ಮಾಡುವ ಕೋಣೆಯಲ್ಲಿ ಇಲ್ಲದವರು ಯಾರು ಎಂದು.

ಒಂದು ದಿನ ಪಂಚಾಯಿತಿ ಮೀಸಲಾತಿಯ ಬಗ್ಗೆ ಚರ್ಚೆ ಇತ್ತು. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ 2004ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದ್ದೆವು. ಪಶ್ಚಿಮ ಬಂಗಾಳ, ರಾಜಸ್ಥಾನಗಳಲ್ಲಿ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾದ ಪಂಚಾಯಿತಿಗಳು ಕುಡಿಯುವ ನೀರಿಗೆ ಜಾಸ್ತಿ ಖರ್ಚು ಮಾಡಿದ್ದವು. ನಾನು ಕೈ ಎತ್ತಿ ನಮ್ಮ ಕಥೆ ಹೇಳಿದೆ. ದೇಶದ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಸ್ಥಾನ ಮೀಸಲಿಟ್ಟ ಸಂವಿಧಾನದ 73ನೇ ತಿದ್ದುಪಡಿಗೆ ಮೊದಲೇ, 1983ರ ಪಂಚಾಯಿತಿ ಕಾಯ್ದೆಯಲ್ಲೇ ಕರ್ನಾಟಕ ಹೆಂಗಸರಿಗೆ ಶೇ. 25 ಸ್ಥಾನ ಕೊಟ್ಟಿತ್ತು. 1987ರಲ್ಲಿ ಅದರಂತೆ ಚುನಾವಣೆಯೂ ನಡೆದಿತ್ತು. ಅದರ ಹಿಂದಿದ್ದ ಮಂತ್ರಿ ಅಬ್ದುಲ್ ನಜೀರ್ ಸಾಬ್ ಅವರನ್ನು ಹಳ್ಳಿಗಳಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ನೀರ್ ಸಾಬ್ ಎಂದೇ ಕರೆದರು. ಕ್ಲಾಸ್ ಮುಗಿದ ಮೇಲೆ ಕೀನ್ಯಾದ ಸಹಪಾಠಿಯೊಬ್ಬಳು ಬಂದು, ಇದರ ಬಗ್ಗೆ ಓದಲು ಏನಿದೆ ಎಂದು ಕೇಳಿದಳು. ಅವಳಿಗೆ ಕೊಡಲು ನನ್ನ ಹತ್ತಿರ ಇದ್ದದ್ದು ಬಹಳ ಕಡಿಮೆ. ಇಷ್ಟು ದೊಡ್ಡ ಪ್ರಯೋಗ ಮಾಡಿದ ನಾಡಿನ ಬಗ್ಗೆ ನಾವೇ ಕೂತು ಬರೆಯಬೇಕು ಅನ್ನಿಸಿತು.

ಬರಬೇಕು ಎಂದುಕೊಂಡವರಿಗೆ ಕೆಲವು ಮಾತು. ಗಣಿತಕ್ಕೆ ಹೆದರಬೇಡಿ, ಆದರೆ ಸಿದ್ಧರಾಗಿ ಬನ್ನಿ. ಸೂಕ್ಷ್ಮ ಅರ್ಥಶಾಸ್ತ್ರ, ಅಂಕಿಅಂಶ ಎರಡೂ ಕಡ್ಡಾಯ. ಬರವಣಿಗೆ ಇನ್ನೂ ಮುಖ್ಯ. ಮೊದಲ ವರ್ಷ ಒಂದು ವಿಷಯ ಕೊಟ್ಟು, 48 ಗಂಟೆಯೊಳಗೆ ವರದಿ ಬರೆದು ಕೊಡಿ ಎನ್ನುತ್ತಾರೆ. ನಡುವಿನ ಬೇಸಿಗೆಯಲ್ಲಿ ಇಂಟರ್ನ್‌ಶಿಪ್, ಕೊನೆಗೆ ನಿಜವಾದ ಒಂದು ಸಂಸ್ಥೆಗಾಗಿ ಪೂರ್ತಿ ವಿಶ್ಲೇಷಣೆ. ಎರಡು ಮೂರು ವರ್ಷ ಕೆಲಸ ಮಾಡಿ ಬಂದರೆ ಓದು ಬೇರೆಯೇ ರುಚಿ ಕೊಡುತ್ತದೆ.

ದುಡ್ಡಿನ ವಿಷಯ ಮುಚ್ಚಿಡಬಾರದು. ಅಮೆರಿಕದ ಕೇಂದ್ರ ಸರ್ಕಾರದ ಹೆಚ್ಚಿನ ಕೆಲಸಗಳು ಅಲ್ಲಿನ ಪ್ರಜೆಗಳಿಗೆ ಮಾತ್ರ. ಓದಿದ ಮೇಲೆ ಕೆಲಸ ಮಾಡಲು ಒಂದು ವರ್ಷದ ಅನುಮತಿ ಸಿಗುತ್ತದೆ. ಕೋರ್ಸ್ ಅಲ್ಲಿನ ಸರ್ಕಾರದ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು ಕೇಳಬಹುದು. ಅರ್ಜಿ ಹಾಕುವ ಮೊದಲು ಇದನ್ನು ಆ ಕಾಲೇಜಿಗೇ ಬರೆದು ಕೇಳಿ. ಈ ಕ್ಷೇತ್ರದ ಸಂಬಳ ಸಾಫ್ಟ್‌ವೇರ್ ಸಂಬಳವಲ್ಲ. ಮನೆ ಅಡವಿಟ್ಟು ಸಾಲ ಮಾಡಿ ಬರಬೇಕು ಎನ್ನುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ. ಸ್ಕಾಲರ್‌ಶಿಪ್ ಸಿಗುವವರೆಗೆ ಕಾಯಿರಿ. ಇಲ್ಲವೇ ಬೆಂಗಳೂರಿನಲ್ಲೇ ಓದಿ, ನ್ಯಾಷನಲ್ ಲಾ ಸ್ಕೂಲ್‌ನಲ್ಲೂ ಪಬ್ಲಿಕ್ ಪಾಲಿಸಿಯಲ್ಲಿ ಮಾಸ್ಟರ್ಸ್ ಇದೆ. ಎಲ್ಲೇ ಹಾಕಿದರೂ, ಅರ್ಜಿಯ ಜೊತೆಗಿನ ಪ್ರಬಂಧದಲ್ಲಿ ದೇಶದ ಉದ್ಧಾರದ ಬಗ್ಗೆ ದೊಡ್ಡ ಮಾತು ಬೇಡ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಪಡಿತರ ಅಂಗಡಿ, ಒಂದು ಅಂಗನವಾಡಿ, ಒಂದು ಬಸ್ ರೂಟಿನ ಬಗ್ಗೆ ಬರೆಯಿರಿ.