ಐವತ್ತು ದಾಟಿದವರಿಗೆ ರ‍್ಯಾಪ್ ಯಾಕೆ?

"ಅಣ್ಣಾ, ಐವತ್ತು ದಾಟಿದ ಮೇಲೂ ಈ ಹಳೇ ಹಾಡುಗಾರರಿಗೆ ರ‍್ಯಾಪ್ ಯಾಕೆ ಬೇಕು? ಹಳೇ ಹೆಸರು ಮಾರ್ಕೊಂಡು ದುಡ್ಡು ಮಾಡೋಕೆ ತಾನೇ?" ನಾನು ಹಿಪ್‌ಹಾಪ್, ಅಂದರೆ ಈ ರ‍್ಯಾಪ್ ಸಂಗೀತ, ಕೇಳುತ್ತೇನೆಂದು ಗೊತ್ತಿರುವ ದಾವಣಗೆರೆಯ ಹುಡುಗರು ಬೆಣ್ಣೆ ದೋಸೆ ಮುಗಿಯುವುದರೊಳಗೆ ಇದನ್ನೊಮ್ಮೆ ಕೇಳಿಯೇ ಕೇಳುತ್ತಾರೆ.

ದುಡ್ಡಿನ ಆಸೆಯೂ ಇದೆ, ಇಲ್ಲವೆನ್ನಲಾರೆ. ಆದರೆ ವಯಸ್ಸಿನ ಮಾತನ್ನು ಈ ಊರಿನವರು ಆಡಬಾರದು. ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ನಮ್ಮದು. ಚಿಂದೋಡಿ ಲೀಲಾ ರಂಗಕ್ಕೆ ಬಂದರೆ ಅವರು ಹುಟ್ಟಿದ ಇಸವಿ ಯಾರಿಗೆ ಬೇಕಿತ್ತು? ಕಂಪನಿ ನಾಟಕ ನೋಡಿದವರಿಗೆ ಇನ್ನೊಂದೂ ಗೊತ್ತು: ಎಷ್ಟೇ ಪಳಗಿದ ನಟನಾದರೂ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರ ಗಟ್ಟಿಗನಲ್ಲದಿದ್ದರೆ ರಂಗಗೀತೆ ದಾರಿ ತಪ್ಪುತ್ತದೆ. ಹಳಬರ ರ‍್ಯಾಪ್ ಕೂಡ ಹಾಗೇ. ಅದಕ್ಕೇ ನಾನು ಹಾಡುವವನ ವಯಸ್ಸು ವಿಚಾರಿಸುವುದಿಲ್ಲ, ಸ್ಟುಡಿಯೋದಲ್ಲಿ ಎದುರಿಗೆ ಯಾರು ಕೂತಿದ್ದರು ಎಂದು ನೋಡುತ್ತೇನೆ.

ನ್ಯೂಯಾರ್ಕಿನ ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ಎಂಬ ರ‍್ಯಾಪ್ ತಂಡ 1998ರಲ್ಲಿ ಒಂದು ಆಲ್ಬಂ ಕೊಟ್ಟು ಒಡೆದುಹೋಯಿತು. ಅದರ ಕ್ಯೂ-ಟಿಪ್, ಫೈಫ್ ಡಾಗ್ ಇಬ್ಬರೂ ಚಿಕ್ಕಂದಿನ ಗೆಳೆಯರು. ಮುನಿಸೂ ಅಷ್ಟೇ ಹಳೆಯದು. ಕೊನೆಗೆ ಹೊಸ ಆಲ್ಬಂಗೆಂದು ಸೇರಿದಾಗ ಟಿಪ್ ಒಂದು ಷರತ್ತು ಹಾಕಿದ: ನ್ಯೂಜೆರ್ಸಿಯ ತನ್ನ ಮನೆಯ ಸ್ಟುಡಿಯೋಗೇ ಬಂದು ಹಾಡಬೇಕು, ಇಮೇಲಿನಲ್ಲಿ ಕಳಿಸುವಂತಿಲ್ಲ. ಫೈಫ್‌ಗೆ ಸಕ್ಕರೆ ಕಾಯಿಲೆ, ಕಿಡ್ನಿ ಕೈಕೊಟ್ಟಿತ್ತು. ಆದರೂ ಕ್ಯಾಲಿಫೋರ್ನಿಯಾದಿಂದ ಬಂದ. 2016ರ ಮಾರ್ಚ್‌ನಲ್ಲಿ, 45ನೇ ವಯಸ್ಸಿಗೆ ತೀರಿಕೊಂಡ. ಆಲ್ಬಂ ನವೆಂಬರ್‌ನಲ್ಲಿ ಬಂದು ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಕೇಳಿ ನೋಡಿ, ಒಬ್ಬ ಅರ್ಧಕ್ಕೆ ಬಿಟ್ಟ ಸಾಲನ್ನು ಇನ್ನೊಬ್ಬ ಎತ್ತಿಕೊಳ್ಳುತ್ತಾನೆ. ಒಂದೇ ಕೋಣೆಯಲ್ಲಿ ಮುಖ ನೋಡಿಕೊಂಡು ಜಗಳ ಆಡಿದವರಿಗೆ ಮಾತ್ರ ಬರುವ ವರಸೆ ಅದು.

ಕ್ಲಿಪ್ಸ್ ಅನ್ನುವುದು ವರ್ಜೀನಿಯಾದ ಅಣ್ಣತಮ್ಮಂದಿರ ರ‍್ಯಾಪ್ ಜೋಡಿ, ಅಣ್ಣ ಮ್ಯಾಲಿಸ್ ಮತ್ತು ತಮ್ಮ ಪುಶಾ ಟಿ. 2009ರ ಆಲ್ಬಂ ಆದ ಮೇಲೆ ಅಣ್ಣ ಕ್ರಿಸ್ತನ ದಾರಿ ಹಿಡಿದ, ತಮ್ಮ ಒಬ್ಬನೇ ಹಾಡಿಕೊಂಡಿದ್ದ. 2025ರ ಜುಲೈನಲ್ಲಿ ಮತ್ತೆ ಜೊತೆಯಾಗಿ ಬಂದರು; ಸಂಗೀತ ಮೊದಲಿನಿಂದಲೂ ಜೊತೆಗಿದ್ದ ಫ್ಯಾರೆಲ್ ವಿಲಿಯಮ್ಸ್‌ನದು. ಮೊದಲ ಹಾಡಿನಲ್ಲೇ ಪುಶಾ ತೀರಿಹೋದ ಅಮ್ಮನ ಬಗ್ಗೆ ಹೇಳುತ್ತಾನೆ, ಮ್ಯಾಲಿಸ್ ತೀರಿಹೋದ ಅಪ್ಪನ ಬಗ್ಗೆ. ಇಪ್ಪತ್ತೈದರ ಹುಡುಗ ಇದನ್ನು ಬರೆಯಲಾರ. ಬರೆಯುವ ಹೊತ್ತು ಅವನಿಗೆ ಬೇಗ ಬರದಿರಲಿ.

ಎದುರಿಗಿರುವವನು ಹಳೇ ದೋಸ್ತನೇ ಆಗಬೇಕೆಂದೇನಿಲ್ಲ. 1994ರಲ್ಲಿ ಮೊದಲ ಆಲ್ಬಮ್ಮಿಗೇ ದೊಡ್ಡ ಹೆಸರು ಮಾಡಿದ ರ‍್ಯಾಪರ್ ನಾಸ್‌ಗೆ ಮೊದಲ ಗ್ರ್ಯಾಮಿ ಪ್ರಶಸ್ತಿ ಬಂದದ್ದು 2021ರಲ್ಲಿ, ತನಗಿಂತ ಹೆಚ್ಚುಕಡಿಮೆ ಹದಿನಾಲ್ಕು ವರ್ಷ ಚಿಕ್ಕವನಾದ, ಸಂಗೀತ ಕಟ್ಟುವ ಹಿಟ್-ಬಾಯ್ ಜೊತೆ ಮಾಡಿದ ಆಲ್ಬಮ್ಮಿಗೆ. ಇನ್ನೊಬ್ಬ ಹಳೇ ರ‍್ಯಾಪರ್ ಎಲ್‌ಎಲ್ ಕೂಲ್ ಜೆ ಹನ್ನೊಂದು ವರ್ಷ ಸುಮ್ಮನಿದ್ದು 2024ರಲ್ಲಿ ಆಲ್ಬಂ ತಂದಾಗಲೂ ಎದುರಿಗೆ ಕೂತಿದ್ದವನು ಅದೇ ಕ್ಯೂ-ಟಿಪ್. ಆ ಮನುಷ್ಯನಿಗೆ ಹಳಬರನ್ನು ದುಡಿಸುವ ಕೈಗುಣ ಇದೆ ನೋಡಿ.

ಹುಡುಗರ ಅನುಮಾನ ನಿಜವಾಗುವುದೂ ಉಂಟು. ಸ್ನೂಪ್ ಡಾಗ್, ಐಸ್ ಕ್ಯೂಬ್, ಇ-40, ಟೂ ಷಾರ್ಟ್ ಅನ್ನುವ ನಾಲ್ವರು ಹಳೇ ರ‍್ಯಾಪರ್‌ಗಳು ಸೇರಿ ಮೌಂಟ್ ವೆಸ್ಟ್‌ಮೋರ್ ಎಂದು ಹೆಸರಿಟ್ಟುಕೊಂಡು 2022ರಲ್ಲಿ ಆಲ್ಬಂ ಬಿಟ್ಟರು. ನಾಲ್ವರೂ ಜಗಜಟ್ಟಿಗಳೇ. ಕೇಳಿದರೆ, "ಇದು ಬೇಡ, ಇನ್ನೊಂದ್ಸಲ ಹೇಳು" ಅನ್ನುವ ಗಂಡಸು ಅಲ್ಲಿ ಯಾರೂ ಇರಲಿಲ್ಲವೇನೋ ಅನಿಸುತ್ತದೆ. ಹೋಳಿಗೆ ಊಟಕ್ಕೆ ಸೇರಿದವರ ಹರಟೆ, ಅಷ್ಟೇ.

"ಸರಿ, ಎಲ್ಲಿಂದ ಶುರು ಮಾಡ್ಲಿ?" ಅನ್ನುವುದು ದೋಸೆ ಮುಗಿದು ಕೈ ತೊಳೆಯುವಾಗಿನ ಪ್ರಶ್ನೆ. ಟ್ರೈಬ್‌ನ 2016ರ ಆಲ್ಬಂ ಮೊದಲು, ಆಮೇಲೆ ಕ್ಲಿಪ್ಸ್. ಇಂಗ್ಲಿಷ್ ಓಟ ಕಿವಿಗೆ ಸಿಗದಿದ್ದರೆ ಹಾಡಿನ ಸಾಹಿತ್ಯ ಎದುರಿಗಿಟ್ಟುಕೊಳ್ಳಿ, ನಾನೂ ಹಾಗೇ ಕೇಳುವುದು. ಮೌಂಟ್ ವೆಸ್ಟ್‌ಮೋರ್ ಬಿಟ್ಟರೂ ನಷ್ಟವಿಲ್ಲ. ಸ್ನೂಪ್ ಅಭಿಮಾನಿಗಳು ಬೈದರೆ ಬೈಯಲಿ.